ಬಸ್‌ಸ್ಟ್ಯಾಂಡಿನಲ್ಲಿ ಕೂತ ಹೆಣ್ಣು

ಪೊರೆ ತೆಗೆಸಿದ ಮೇಲೂ ನಮ್ಮ ಅತ್ತೆಯ ಕಣ್ಣು ಸರಿಹೋಗಲಿಲ್ಲ. ಟೀವಿ ನೋಡಿದರೆ ನೀರು ಸುರಿಯುತ್ತದೆ, ಅಕ್ಷರವಂತೂ ಬರೀ ಇರುವೆ ಸಾಲು. ಹಾಗಾಗಿ ಅವರ ಸಂಜೆಗಳು ನನ್ನ ಪಾಲಿಗೆ ಬಂದವು.

ಮೊಬೈಲಿನಲ್ಲಿ ಕತೆ ಓದುವ ಒಂದು ಆ್ಯಪ್ ಇಟ್ಟುಕೊಂಡಿದ್ದೇನೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಓದಿದವರು ಕೆಳಗೆ ನಾಲ್ಕು ಮಾತು ಹಾಕಬಹುದು. ಬರೆಯುವವರೂ ಹೆಚ್ಚಾಗಿ ಹೆಂಗಸರೇ, ಅನ್ನ ಬೇಯುವಷ್ಟರಲ್ಲಿ ಒಂದು ಭಾಗ ಬರೆದು ಹಾಕುವವರು. ಓದುವವರು ಬಸ್ಸಿನಲ್ಲಿ ನೇತಾಡಿಕೊಂಡು ಓದುವ ನನ್ನಂಥವರು. ಒಂದು ಸಂಜೆ, ಹೊತ್ತು ಹೋಗಲಿ ಅಂತ ಒಂದು ಧಾರಾವಾಹಿಯ ಮೊದಲ ಭಾಗವನ್ನು ಅತ್ತೆಗೆ ಓದಿ ಹೇಳಿದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.

ನಮ್ಮ ಮನೆ ಮದ್ದೂರಿನಲ್ಲಿ. ನನ್ನ ಶಾಲೆ ಪೂರಿಗಾಲಿ ಕಡೆ. ಮಳವಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಬರುವಾಗಲೂ ಅದೇ ಕತೆ, ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿದರಂತೂ ಮುಗಿಯಿತು. ದಿನವಿಡೀ ಮಕ್ಕಳೆದುರು ಅರಚಿ, ಗಂಟಲು ಕಟ್ಟಿಕೊಂಡು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ಕೂಗು: "ಬಂದ್ಯೇನಮ್ಮಿ? ಮುಂದ್ಕೇನಾಯ್ತು, ಓದು." ಮಂಡ್ಯದ ಅಂಗಡಿ ಮುಚ್ಚಿ ನನ್ನ ಗಂಡ ಬರುವುದು ತಡ. ಅಲ್ಲಿಯವರೆಗೆ ನಾವಿಬ್ಬರೇ. ಓದಿ ಮುಗಿಸಿದ ಮೇಲೆ ಒಲೆ ನನಗೆ ಕಾದಿರುತ್ತಿತ್ತು. ನಿಜ ಹೇಳುತ್ತೇನೆ, ಒಮ್ಮೊಮ್ಮೆ ಆ ಮೊಬೈಲನ್ನು ಹಿತ್ತಲ ಬಾವಿಗೆ ಎಸೆದುಬಿಡೋಣ ಅನ್ನಿಸುತ್ತಿತ್ತು.

ಕತೆ ಕಡಲ ಕಡೆಯ ಊರಿನದು. ಒಬ್ಬಳು ನರ್ಸು, ಅವಳ ದೊಡ್ಡ ಮನೆ, ಸೊಂಟದಲ್ಲಿ ಬೀಗದಕೈ ಸಿಕ್ಕಿಸಿಕೊಂಡ ಅತ್ತೆ. ನಮ್ಮ ಅತ್ತೆಗೆ ಕತೆಯ ಅತ್ತೆಯನ್ನು ಕಂಡರಾಗದು. ನೆನೆಹಾಕಿದ ಅವರೆಕಾಳನ್ನು ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಹಿತುಕಿ ಬೇಳೆ ಬಟ್ಟಲಿಗೆ ಹಾಕುತ್ತಾ, "ಇವ್ಳ್ ಬಾಯ್ಗೆ ಮಣ್ಣಾಕ" ಎಂದು ಶಪಿಸುವರು. ಅವರೆ ಹಿತುಕುವುದಕ್ಕೆ ಕಣ್ಣು ಬೇಡ, ಬೆರಳು ಸಾಕು. ಕಿವಿಯನ್ನು ಪೂರ್ತಿ ಕತೆಗೆ ಕೊಡಬಹುದು. ಬೆಳಗ್ಗೆ ಚಿಕ್ಕರಸಿನಕೆರೆಯಲ್ಲಿರುವ ತಂಗಿಗೆ ಫೋನು ಮಾಡಿ ಕೇಳಿದ್ದನ್ನೆಲ್ಲ ಒಪ್ಪಿಸುವರು, ತಮ್ಮದೂ ಒಂದಿಷ್ಟು ಬೈಗುಳ ಸೇರಿಸಿ. ಶೇರ್ ಮಾಡುವುದು ಅಂದರೆ ನಮ್ಮನೆಯಲ್ಲಿ ಅದು.

ಹೀಗಿರುವಾಗ ನರ್ಸು ಒಂದು ಬ್ಯಾಗು ತುಂಬಿಕೊಂಡು ಮನೆ ಬಿಟ್ಟು ಬಂದು ಬಸ್‌ಸ್ಟ್ಯಾಂಡಿನಲ್ಲಿ ಕೂತಳು. ತವರಿಗೆ ಹೋಗುವುದೋ, ವಾಪಸು ಹೋಗುವುದೋ? ಅಲ್ಲಿಗೆ ಕತೆ ನಿಂತಿತು. ಬರೆಯುತ್ತಿದ್ದಾಕೆ ಎರಡೇ ಸಾಲು ಹಾಕಿದ್ದಳು: ತುಂಬಾ ಸುಸ್ತಾಗಿದೆ, ಸದ್ಯಕ್ಕೆ ಬರೆಯಲಾರೆ, ಕ್ಷಮಿಸಿ. ಕೆಳಗೆ ಓದುಗರು ಮುಗಿಬಿದ್ದಿದ್ದರು. ಮುಂದಿನ ಭಾಗ ಬೇಗ ಹಾಕಿ. ಬರೆಯಲು ಬರದಿದ್ದರೆ ಯಾಕೆ ಶುರು ಮಾಡುತ್ತೀರಿ. ಅರ್ಧಕ್ಕೆ ಕೈಬಿಡುವುದು ಮೋಸ.

ನಾನು ಅತ್ತೆಗೆ ಕತೆ ನಿಂತಿತು ಅಂದೆ. ಅವರು ನಂಬಲಿಲ್ಲ. ಮಾರನೆಯ ಸಂಜೆ, ಅದರ ಮಾರನೆಯ ಸಂಜೆ, ಒಂದೇ ಪ್ರಶ್ನೆ: "ಆ ಎಣ್ಣು ಇನ್ನೂವೆ ಬಸ್‌ಸ್ಟ್ಯಾಂಡಲ್ಲೇ ಕೂತವ್ಳಾ? ಒತ್ತು ಮುಳುಗ್ತಲ್ಲವ್ವ!" ಅವರಿಗೆ ವಿವರಿಸುವುದಕ್ಕಿಂತ ಅವಳನ್ನು ಎಬ್ಬಿಸಿ ಬಸ್ಸು ಹತ್ತಿಸುವುದೇ ಸುಲಭ ಅನ್ನಿಸಿತು. ಮೊಬೈಲು ಮುಖದ ಮುಂದೆ ಹಿಡಿದು, ಬೆರಳಾಡಿಸುತ್ತಾ, ಬಾಯಿಗೆ ಬಂದದ್ದನ್ನು ಓದತೊಡಗಿದೆ.

ನನಗೆ ಕಡಲೂ ಗೊತ್ತಿಲ್ಲ, ಆಸ್ಪತ್ರೆಯ ಕೆಲಸವೂ ಗೊತ್ತಿಲ್ಲ. ನರ್ಸು ಮನೆಗೆ ವಾಪಸು ಹೋದಳು. ಎರಡು ಬಸ್ಸು ಬದಲಾಯಿಸಿ ಕೆಲಸಕ್ಕೆ ಹೋಗತೊಡಗಿದಳು. ಸೀಟು ಸಿಗದೆ ಕಾಲು ಊದಿಕೊಂಡಿತು. ಮನೆಗೆ ಬಂದರೆ ನೀರು ಬೇಕಾ ಅಂತ ಕೇಳುವವರಿಲ್ಲ, ಇದಾಯಿತಾ ಅದಾಯಿತಾ ಅಂತ ಕೇಳುವವರೇ. ಅಷ್ಟು ಹೊತ್ತಿಗೆ ಮೀನು ತಿನ್ನುವ ಆ ಮನೆಗೆ ಅದು ಹೇಗೋ ಮುದ್ದೆ ಬಂದು ಸೇರಿತ್ತು, ಅವರೆಕಾಯಿಯೂ ಬಂತು. ನಾನೇ ಬೆಚ್ಚಿ ಅತ್ತೆಯ ಮುಖ ನೋಡಿದೆ. ಅವರು ತಲೆ ತಗ್ಗಿಸಿ ಹಿತುಕುತ್ತಿದ್ದರು. ಆಮೇಲಿನ ಸಂಜೆಗಳಲ್ಲಿ ಅವರು ಕತೆಯ ಅತ್ತೆಯನ್ನು ಬೈಯುವುದು ನಿಂತಿತು. ನನಗೋ, ಹೇಳಹೇಳುತ್ತಾ ಎದೆ ಹಗುರಾಗುತ್ತಿತ್ತು. ಮದುವೆಯಾದಾಗಿನಿಂದ ಯಾರಿಗೂ ಹೇಳದಿದ್ದ ದಣಿವೆಲ್ಲ ಆ ನರ್ಸಿನ ಬಾಯಲ್ಲಿ ಬರುತ್ತಿತ್ತು.

ಮೊನ್ನೆ ಒಂದು ಸಂಜೆ ಬಂದವಳೇ ಮೊಬೈಲು ತೆಗೆದೆ. ಅತ್ತೆ, "ಅದ್ನ ಅತ್ಲಾಗ್ ಮಡಗು" ಅಂದರು.

"ಯಾಕತ್ತೆ?"

"ಕತೆ ಯಾವತ್ತೋ ನಿಂತೋಯ್ತಂತೆ. ಚಿಕ್ಕರಸಿನಕೆರೆಲಿ ತಂಗಿ ಸೊಸೆನೂ ಅದನ್ನೇ ಓದ್ತಾಳಂತೆ. ಬಸ್‌ಸ್ಟ್ಯಾಂಡಿಂದ ಮುಂದ್ಕಿಲ್ವಂತೆ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಯಾವಾಗ ಗೊತ್ತಾಯ್ತು?" ಅಂದೆ.

"ಆ ನರ್ಸಮ್ಮನ ಮನೆಗೆ ಅವರೆಕಾಯ್ ಬಂತಲ್ಲ, ಅದ್ಕೂ ಮುಂಚೆಯ."

"ಗೊತ್ತಿದ್ದೂ ಯಾಕೆ ಸುಮ್ನೆ ಕೇಳುಸ್ಕೊಂಡ್ರಿ?"

"ಕೇಳ್ದೆ ಇನ್ನೇನ್ ಮಾಡ್ಲಿ? ನೀನು ಬಾಯ್ಬುಟ್ಟು ಮಾತಾಡ್ತಿದ್ದದ್ದೇ ಅದೊಂದೊತ್ತು ಕಣಮ್ಮಿ."

ಸಿಟ್ಟು ಬಂತು. ನಾಚಿಕೆಯೂ ಆಯಿತು. ಬಾಯಿಬಿಟ್ಟು ಹೇಳಿದ್ದರೆ ನೀವು ಕೇಳುತ್ತಿದ್ದಿರಾ ಎಂಬ ಮಾತು ನಾಲಿಗೆ ತುದಿಗೆ ಬಂದು ನಿಂತಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಇಬ್ಬರದೂ ಒಂದೇ ಕಾಲ ಆದಾಗ ಏನು ಮಾಡಬೇಕು ಅಂತ ಯಾರೂ ಹೇಳಿಲ್ಲ.

ಅತ್ತೆಯೇ ಮತ್ತೆ ಕೇಳಿದರು. "ಅದ್ಸರಿ, ಆ ಬರ್ಯೋಳು ಯಾಕ್ ನಿಲ್ಲುಸ್ಬುಟ್ಳು?"

ಆಕೆ ಹಾಕಿದ್ದ ಎರಡು ಸಾಲು ಓದಿದೆ. ಕೆಳಗಿನ ಬೈಗುಳಗಳನ್ನೂ ಓದಿದೆ. ಈ ಸಲ ಒಂದಕ್ಷರವೂ ಸೇರಿಸಲಿಲ್ಲ.

"ಉಂಡ್ಯೇನವ್ವ ಅಂತ ಒಬ್ರೂ ಕೇಳ್ನಿಲ್ವಾ?"

ಕೆಳಗಿನ ತನಕ ಹುಡುಕಿದೆ. ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ನಾ ಯೋಳ್ತೀನಿ, ಬರಿ" ಅಂದರು. ಅವರು ಹೇಳಿದ ಹಾಗೇ, ಒಂದು ಅಕ್ಷರ ತಿದ್ದದೆ ಬರೆದೆ: "ಉಂಡ್ಯೇನವ್ವ? ಸುಸ್ತಾಗಿದ್ರೆ ಉಂಡು ಮನಿಕ್ಕೊ. ಕತೆ ಎಲ್ಗೂ ಓಡೋಗಕಿಲ್ಲ."

ಅದನ್ನು ಕಳಿಸುವಷ್ಟರಲ್ಲಿ ಅತ್ತೆ ಅವರೆಕಾಳಿನ ಬಟ್ಟಲು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದಿದ್ದರು.

"ಎಲ್ಲಿಗತ್ತೆ?"

"ಎಸ್ರಿಡಕೆ. ಮುದ್ದೆ ತಿರುವಕೆ ಕಣ್ಣ್ಯಾಕೆ? ಬಿದ್ಕೊ ಅಲ್ಲೇ."

ಬೇಡ ಅನ್ನುವಷ್ಟೂ ತ್ರಾಣ ಇರಲಿಲ್ಲ. ಚಾಪೆಯ ಮೇಲೆ, ಅವರೆ ಸಿಪ್ಪೆಯ ರಾಶಿಯ ಪಕ್ಕದಲ್ಲೇ ಉರುಳಿಕೊಂಡೆ. ಅಡುಗೆಮನೆಯಲ್ಲಿ ಪಾತ್ರೆ ತಡಕುವ ಸದ್ದು, ಒಂದು ತಟ್ಟೆ ಬಿದ್ದ ಸದ್ದು. ನಾನು ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕೂಗಿದರು.

"ಅಮ್ಮಿ, ಆ ಎಣ್ಣು ಬಸ್‌ಸ್ಟ್ಯಾಂಡಿಂದ ಮನೆಗ್ ಬಂದ್ಳಾ?"

"ಬಂದ್ಳು ಅತ್ತೆ" ಅಂದೆ. "ಮನಿಕ್ಕೊಂಡವ್ಳೆ."

"ಮನಿಕ್ಕೊಳ್ಲಿ ಬುಡು."