ಟ್ಯಾಂಕರಿನಡಿಗೆ ಹೋದ ನಾಯಕಿ

ಕೊಚ್ಚಿಯ ನಮ್ಮ ಕನ್ನಡ ಸಂಘದಲ್ಲಿ ತಿಂಗಳಿಗೊಂದು ಭಾನುವಾರ ಕತೆ ಓದುವ ಪದ್ಧತಿ ಇತ್ತು. ಬರೆದವರು ಹೆಸರು ಹಾಕದೆ ಕತೆ ಕೊಡಬೇಕು. ಇಲ್ಲೇ ಏಲೂರಿನ ಕಾರ್ಖಾನೆಯಲ್ಲಿ ನೌಕರಿ ಮಾಡಿ ನಿವೃತ್ತರಾದ, ನಾಟಕದ ಗಂಟಲಿನ ಹಿರಿಯರೊಬ್ಬರು ಅದನ್ನು ಓದುವರು. ಎಲ್ಲರೂ ಚರ್ಚಿಸಿ ಮುಗಿಸಿದ ಮೇಲಷ್ಟೇ ಬರೆದವರು ಎದ್ದು ನಿಲ್ಲಬೇಕು. ಯಾರಿಗೂ ಮುಲಾಜು ಇರಬಾರದೆಂದು ಮಾಡಿಕೊಂಡ ಏರ್ಪಾಡು ಅದು. ಸ್ವಲ್ಪ ಮುಲಾಜು ಇದ್ದಿದ್ದರೇ ಒಳ್ಳೆಯದಿತ್ತು.

ನಾನಾಗ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಪಾಲಾರಿವಟ್ಟಂನಲ್ಲಿ ಚಿಕ್ಕಮ್ಮನ ಮನೆಯಲ್ಲಿ ವಾಸ. ಪುತ್ತೂರಿನಿಂದ ಅಪ್ಪ ನನ್ನನ್ನು ಕಳಿಸಿದ್ದೇ ಚಿಕ್ಕಮ್ಮನ ಭರವಸೆಯ ಮೇಲೆ. "ಅವಳು ಒಂದು ಮಾತು ಬೇಡ ಅಂದ್ರೆ ಮರುದಿನವೇ ಬಸ್ಸು ಹತ್ತಿ ಬಾ" ಎಂದಿದ್ದರು. ಅಪ್ಪ ಹೇಳಿದರೆ ಹೇಳಿದ್ದೇ. ಕೆಲಸ ಬಿಟ್ಟು ಹೋದರೆ ನನಗೆ ಕಾದಿದ್ದದ್ದು ಹೆಣ್ಣು ನೋಡಲು ಬರುವವರಿಗೆ ಕಾಫಿ ತಂದುಕೊಡುವ ಕೆಲಸ.

ಆ ಭಾನುವಾರ ಸದಸ್ಯರೊಬ್ಬರ ಫ್ಲ್ಯಾಟಿನ ಹಾಲ್‌ನಲ್ಲಿ ಚಿಕ್ಕಮ್ಮ, ಅವರ ಮಗಳು, ನಾನು ಸಾಲಾಗಿ ಕೂತಿದ್ದೆವು. ಹಿರಿಯರು ಕನ್ನಡಕ ಏರಿಸಿ ಓದತೊಡಗಿದರು. ಕತೆಯ ನಾಯಕಿ ಕತ್ತಿನ ತನಕ ಕೂದಲು ಕತ್ತರಿಸಿಕೊಂಡವಳು. ನೀಲಿ ಸ್ಕೂಟರ್ ಬಿಡುವವಳು, ಹಾಲಿಲ್ಲದ ಚಹಾ ಕುಡಿಯುವವಳು, ಆಫೀಸಿನಲ್ಲಿ ಮೇಲಿನವರಿಗೆ ಎದುರು ಮಾತಾಡುವವಳು. ನನ್ನ ಕಿವಿ ಬಿಸಿಯಾಯಿತು. ಕೂದಲು ನನ್ನದು, ಸ್ಕೂಟರೂ ನನ್ನದು, ಹಾಲಿಲ್ಲದ ಚಹಾವೂ ನನ್ನದೇ. ನನ್ನದಲ್ಲದ್ದು ಅಂದರೆ ಅವಳ ಕೆಂಪು ಲಿಪ್‌ಸ್ಟಿಕ್ಕು, ಗಂಡಸರ ಮುಂದೆ ಕತ್ತು ಹಿಂದಕ್ಕೆ ವಾಲಿಸಿ ನಗುವ ನಗು, ಮತ್ತು ಕಲ್ಲಿನ ಹೃದಯ.

ಚಿಕ್ಕಮ್ಮನ ಮಗಳು ನನ್ನ ಮೊಣಕೈ ತಿವಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಲಯಾಳವೇ. "ಚೇಚೀ, ಅದು ಚೇಚಿಯಲ್ಲೇ?" ಎಂದಳು. ಅಕ್ಕಾ, ಅದು ನೀನೇ ಅಲ್ವಾ ಅಂತ. ನಾನು ಬಾಯಿ ಮೇಲೆ ಬೆರಳಿಟ್ಟೆ.

ಕತೆಯಲ್ಲಿ ಒಬ್ಬ ಸಾಧು ಹುಡುಗ ಅವಳನ್ನು ಪ್ರೀತಿಸಿದ. ಅವಳು ಗೇಲಿ ಮಾಡಿದಳು. ಎಲ್ಲರೆದುರು ಅವನ ತಪ್ಪು ಎತ್ತಿ ಆಡಿದಳು. ಅಷ್ಟು ಕೇಳಿದ್ದೇ ನನ್ನ ಕಣ್ಣು ಗೋಡೆಗೊರಗಿ ಕೂತಿದ್ದ ಬೆಂಗಳೂರಿನ ಹುಡುಗನತ್ತ ಹೋಯಿತು. ನಮ್ಮ ಆಫೀಸಿನವನು. ಹಿಂದಿನ ವಾರ ಮೀಟಿಂಗಿನಲ್ಲಿ ಅವನ ಕೆಲಸದಲ್ಲಿ ತಪ್ಪು ತೋರಿಸಿದ್ದೆ. ಪಾಪಿ, ಹೀಗೆ ತೀರಿಸಿಕೊಂಡನೇ ಅಂದುಕೊಂಡೆ. ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ಚಿಕ್ಕಮ್ಮ ಇದನ್ನು ನಿಜವೆಂದು ನಂಬಿದರೆ ನನ್ನ ಗತಿಯೇನು? ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಕೊನೆಗೆ ಅಂಬಲಮುಗಳ್ ರಿಫೈನರಿ ಕಡೆಯಿಂದ ಬಂದ ಎಣ್ಣೆ ಟ್ಯಾಂಕರು ಬೈಪಾಸಿನಲ್ಲಿ ನಾಯಕಿಯ ಸ್ಕೂಟರಿಗೆ ಗುದ್ದಿತು. ಆಸ್ಪತ್ರೆಯಲ್ಲಿ ಅವಳು ಸಾಧು ಹುಡುಗನ ಕೈ ಹಿಡಿದು ಕ್ಷಮೆ ಕೇಳಿ, ಹಣೆಗೆ ಕುಂಕುಮ ಇಡಿಸಿಕೊಂಡು ಪ್ರಾಣ ಬಿಟ್ಟಳು. ನಾನು ದಿನಾ ಹೋಗುವುದು ಅದೇ ಬೈಪಾಸಿನಲ್ಲಿ.

ಚಪ್ಪಾಳೆ ಬಿತ್ತು. ಮೈಸೂರಿನ ಒಬ್ಬರು, "ಇಂಥೋರಿಗೆ ಕೊನೆಗೆ ಹೀಗೇ ಆಗೋದು ಕಣ್ರೀ, ಚೆನ್ನಾಗ್ ಬರ್ದಿದಾರೆ" ಎಂದರು. ಹೆಂಗಸರೂ ತಲೆಯಾಡಿಸಿದರು. ಬೆಂಗಳೂರಿನ ಹುಡುಗ ಮಾತ್ರ ತಲೆ ತಗ್ಗಿಸಿ, ಬಾಳೆಹಣ್ಣು ಕರಿದ ಪಳಂಪೊರಿ ತಿಂದ ಕೈಯ ಎಣ್ಣೆ ಒರೆಸಿಕೊಳ್ಳುತ್ತಿದ್ದ. ಇನ್ನೇನು ಎದ್ದು ನಿಲ್ಲುತ್ತಾನೆಂದು ಕಾದೆ. ಪಕ್ಕದಲ್ಲಿ ಸೀರೆಯ ಸದ್ದಾಯಿತು. ಎದ್ದು ನಿಂತವರು ಚಿಕ್ಕಮ್ಮ.

ಮನೆಗೆ ನಡೆಯುವಾಗ ಅವರ ಕಾಲು ನೆಲದ ಮೇಲಿರಲಿಲ್ಲ. "ರಾತ್ರಿ ಅಕ್ಕನಿಗೆ ಫೋನಲ್ಲಿ ಪೂರ್ತಿ ಓದಿ ಹೇಳ್ತೇನೆ. ಭಾವನೂ ಕೇಳ್ಲಿ" ಎಂದರು. ಅಪ್ಪ ಆ ನೀಲಿ ಸ್ಕೂಟರಿನ ತನಕ ಕೇಳಿದರೆ ಸಾಕಿತ್ತು, ಅದು ನಾನೇ ಅಂತ ಗೊತ್ತಾಗಲು.

"ಚಿಕ್ಕಮ್ಮ, ಅವಳನ್ನು ಎಂತಕ್ಕೆ ಕೊಂದದ್ದು?"

"ನೀನು ಅಂತ ಬರೆದದ್ದಲ್ಲ ಮಾರಾಯ್ತಿ. ನಾಯಕಿ ಜೋರಿನವಳು ಬೇಕಿತ್ತು, ನೀನು ಎದುರಿಗೇ ಇದ್ದಿ."

"ಆಯ್ತು, ಕೊಂದದ್ದು ಎಂತಕ್ಕೆ?"

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಮತ್ತೆಂತ ಮಾಡುದು? ನಾನು ಓದಿದ ಕತೆಯೆಲ್ಲ ಹಾಗೇ ಮುಗೀತದೆ. ಅಂಥವಳು ಸ್ಕೂಟರಲ್ಲಿ ಮನೆಗೆ ಬಂದ್ಳು, ಊಟ ಮಾಡಿ ಮಲಗಿದ್ಳು ಅಂತ ಬರೆದ್ರೆ ಯಾರು ನಂಬ್ತಾರೆ?"

ದಿನಾ ಸಂಜೆ ಅದೇ ಸ್ಕೂಟರಿನಲ್ಲಿ ಬಂದು, ಇವರ ಕೈಯಲ್ಲೇ ಬಡಿಸಿಕೊಂಡು ಉಂಡು ಮಲಗುವವಳು ನಾನು. ನನಗೆ ಅಳು ಬಂತು. "ಓದಬೇಡಿ ಚಿಕ್ಕಮ್ಮ. ಅಪ್ಪ ನನ್ನನ್ನು ಕರೆಸಿಕೊಳ್ತಾರೆ" ಎಂದೆ. ಅವರು ಹಾಳೆಗಳನ್ನು ಚೀಲಕ್ಕೆ ತುರುಕಿ ಹೆಜ್ಜೆ ಚುರುಕು ಮಾಡಿದರು.

ಊಟವಾದ ಮೇಲೆ ಕತೆಯ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡೇ ಊರಿಗೆ ಫೋನ್ ಹಚ್ಚಿದರು. ನಾನು ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತೆ. ಎತ್ತಿದ್ದು ಅಪ್ಪ. ಅವರ ಜೋರು ದನಿ ನನ್ನ ತನಕ ಕೇಳುತ್ತಿತ್ತು. "ಹುಡುಗಿ ಹೇಗಿದ್ದಾಳೆ? ಮನೆಗೆ ಬಂದಳಾ?"

ಚಿಕ್ಕಮ್ಮ ನನ್ನನ್ನು ನೋಡಿದರು. ಒಂದು ಕೈ ಹಾಳೆಗಳ ಮೇಲಿತ್ತು.

"ಬಂದಿದ್ದಾಳೆ ಭಾವ. ಊಟ ಆಯ್ತು, ಈಗ ಮಲಗ್ತಾಳೆ."

ಅಪ್ಪ ನಂಬಿದರು. ಕತೆ ಮಾತ್ರ ಸಂಘದ ರಾಜ್ಯೋತ್ಸವ ಸಂಚಿಕೆಯಲ್ಲಿ ಟ್ಯಾಂಕರು ಸಮೇತ ಹಾಗೆಯೇ ಅಚ್ಚಾಯಿತು.