ಬಾಡೂಟದ ಬಹುರಾಷ್ಟ್ರೀಯ ಕಂಪನಿ

ಹುರಿದ ಧನಿಯದ ಘಮಲಿಗೆ ಗಡಿ ಎಂಬುದಿಲ್ಲ. ನಿಡಘಟ್ಟದ ನಮ್ಮ ಹಿತ್ತಿಲಲ್ಲಿ ಬಾಣಲೆ ಒಲೆಗೇರಿದರೆ ಸಾಕು, ಅದು ಯಾರ ಅಪ್ಪಣೆಯನ್ನೂ ಕೇಳದೆ ರಸ್ತೆ ದಾಟಿ, ಮೈಸೂರು ಬಸ್ಸಿನ ಕಿಟಕಿಗಳಲ್ಲಿ ಮೂಗುಗಳನ್ನು ಅರಳಿಸಿ ಹೊರಟುಬಿಡುತ್ತದೆ. ಏಳನೇ ಕ್ಲಾಸಿಗೇ ಪುಸ್ತಕ ಬಿಟ್ಟು ಸೌಟು ಹಿಡಿದ ನನಗೆ, ಬಹುರಾಷ್ಟ್ರೀಯ ಕಂಪನಿ ಎಂದರೆ ಇಂಥದೇ ಒಂದು ಘಮಲು ಎಂದು ಈಚೆಗೆ ಮನವರಿಕೆಯಾಗಿದೆ.

ಮನವರಿಕೆ ಮಾಡಿಸಿದವಳು ಮಗಳು. ಮಂಡ್ಯದಲ್ಲಿ ಬಿ.ಕಾಂ. ಓದುವ ಅವಳು ಪರೀಕ್ಷೆಗೆಂದು ಒಲೆಯ ಪಕ್ಕ ಕೂತು ಗಟ್ಟಿಯಾಗಿ ಓದುತ್ತಿದ್ದಳು: ಕಂಪನಿಯೊಂದು ಪರದೇಶಕ್ಕೆ ಹೋಗಬೇಕಾದರೆ ಬೇರೆಯವರ ಬಳಿ ಇಲ್ಲದ್ದೇನೋ ಅದರ ಕೈಯಲ್ಲಿರಬೇಕು, ಹೋಗುವ ಜಾಗದಲ್ಲೂ ಏನಾದರೊಂದು ಅನುಕೂಲ ಕಾದಿರಬೇಕು, ಮೂರನೆಯದಾಗಿ, ಆ ಗುಟ್ಟನ್ನು ಪರರಿಗೆ ಗುತ್ತಿಗೆ ಕೊಡುವುದಕ್ಕಿಂತ ತಾನೇ ಹೋಗಿ ಒಲೆ ಹೂಡುವುದು ಲಾಭವೆನಿಸಬೇಕು. ಪಂಡಿತರು ಇವಕ್ಕೆಲ್ಲ ದೊಡ್ಡ ದೊಡ್ಡ ಹೆಸರಿಟ್ಟಿದ್ದಾರಂತೆ. ಕೊಕ್ಕರೆ ಬೆಳ್ಳೂರಿಗೆ ವಲಸೆ ಬರುವ ಹಕ್ಕಿಗಳು ಓದದೆಯೇ ಪಾಸಾಗಿವೆ, ನೋಡಿ: ಮೀನು ಎಲ್ಲೆಲ್ಲಿಯದೋ, ಗೂಡು ಮಾತ್ರ ಇಲ್ಲಿ, ಕಾವು ಕೊಡಲು ಯಾರಿಗೂ ಗುತ್ತಿಗೆಯಿಲ್ಲ. ಕಾಗೆಗೆ ಗುತ್ತಿಗೆ ಕೊಡುವ ಕಸುಬು ಕೋಗಿಲೆಯದು.

ಆ ದಿನವೇ ಹಲಗೂರಿನ ನನ್ನ ಭಾಮೈದ ಬಂದಿದ್ದ. ಮೊದಲ ಬಾಡೂಟದಡುಗೆ ಒಪ್ಪಿಕೊಂಡಿದ್ದಾನೆ. ನಿಮ್ಮ ಮಸಾಲೆ ಕೊಟ್ಟರೆ ನಿಮ್ಮ ಹೆಸರಲ್ಲೇ ಬಡಿಸುತ್ತೇನೆ ಭಾವ ಎಂದ. ಮದ್ದೂರು ಸೀಮೆಯಲ್ಲಿ ನಾನು ಬೆವರು ಸುರಿಸಿ ಕಟ್ಟಿದ ಹೆಸರು ಅದು. ಅವನ ಸಾರು ಕೆಟ್ಟರೆ ಅದೂ ಕೆಡುತ್ತದೆ. ಕೊಡದಿದ್ದರೆ ನಾಲ್ಕು ಜನರೆದುರು ಅವನ ಮರ್ಯಾದೆ ಹೋಗುತ್ತದೆ. ಯೋಚಿಸುತ್ತ ಒಲೆಯ ಮುಂದೆಯೇ ತೂಕಡಿಸಿದೆ. ನನ್ನ ಹಂಡೆ ಮಳವಳ್ಳಿಯ ಮೇಲೆ ಹಾದು, ಸಮುದ್ರಕ್ಕಿಳಿದು ದೋಣಿಯಂತೆ ತೇಲಿತು. ಆಚೆ ದಡದಲ್ಲಿ ಕೋಟು ತೊಟ್ಟ ಜನ ಸಾಲಾಗಿ ಕೂತು, ಮುದ್ದೆಯನ್ನು ಅಗಿಯದೆ ನುಂಗುವ ವಿದ್ಯೆಯನ್ನು ನನ್ನಿಂದ ಕಲಿಯುತ್ತಿದ್ದರು.

ಎಚ್ಚರವಾದಾಗ ತೀರ್ಮಾನ ಸಿದ್ಧವಾಗಿತ್ತು. ಗುಟ್ಟನ್ನು ಹೊರಗೆ ಕೊಡುವಂತಿಲ್ಲ, ಶಾಸ್ತ್ರವೂ ಅದನ್ನೇ ಹೇಳುತ್ತದೆ ಎಂದು ಗತ್ತಿನಿಂದ ಸಾರಿದೆ. ಭಾಮೈದ ನೆಲ ನೋಡಿದ. ರುಬ್ಬುವ ಕಲ್ಲಿನ ಮುಂದಿದ್ದ ನನ್ನ ಹೆಂಡತಿ ಜಯಮ್ಮ ತಲೆಯನ್ನೂ ಎತ್ತಲಿಲ್ಲ.

“ನಿನ್ ಹೆಸ್ರು ನೀನೇ ಮಡಿಕೊ. ಕಾರ ರುಬ್ಬೋಳು ನಾನು. ನನ್ ತಮ್ಮನ್ ಒಲೆ ತಾವ್ಕೆ ನಾನೇ ಓಯ್ತೀನಿ ಬುಡು.”

ಮಗಳು ಪುಸ್ತಕದ ಮರೆಯಲ್ಲಿ ನಕ್ಕಳು. “ಮೂರ್ನೇದು ಅಂದ್ರೆ ಇದೇ ಕಣಪ್ಪ.”

ಹಲಗೂರಿನ ಊಟ ಗೆದ್ದಿತು. ಯಾರ ಕೈಯಡುಗೆ ಎಂದು ಕೇಳಿದವರಿಗೆಲ್ಲ ನಮ್ಮಕ್ಕಂದು ಎಂದೆ ಅಂತ ಭಾಮೈದ ಫೋನಿನಲ್ಲಿ ಹಿಗ್ಗಿದ. ನನ್ನ ಹೆಸರು ಅಲ್ಲಿ ಕೆಡಲೂ ಇಲ್ಲ, ಕೇಳಿಸಲೂ ಇಲ್ಲ. ಒಂದು ಗಳಿಗೆ ಚುರುಕ್ಕೆಂದಿತು, ಸುಳ್ಳೇಕೆ. ಮರುದಿನ ಮದ್ದೂರಿನಿಂದ ಒಂದು ಬಾಡೂಟಕ್ಕೆ ಕೇಳಿಕೊಂಡು ಬಂದವರಿಗೆ ನೀರು ಕೊಟ್ಟು ಕೂರಿಸಿ, ಮುಖ್ಯ ಕಚೇರಿ ಹಲಗೂರಿಗೆ ಹೋಗಿದೆ, ಬಂದ ಮೇಲೆ ಕೇಳಿ ತಿಳಿಸುತ್ತೇನೆ, ಸದ್ಯಕ್ಕೆ ಇಲ್ಲಿರುವುದು ಶಾಖೆ ಮಾತ್ರ ಎಂದೆ.