ಡಿಂಪ್ನಾ ಎಲ್ಲರನ್ನೂ ಕೇಳುವ ಪ್ರಶ್ನೆ

ಡಿಂಪ್ನಾ ಗಿಲ್‌ಫಾಯ್ಲ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಐರ್ಲೆಂಡಿನ ಒಂದು ಪುಟ್ಟ ಊರಿನ ಔಷಧದಂಗಡಿಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಕೌಂಟರಿಗೆ ನಿಂತಿದ್ದಾಳೆ. ಆ ಊರಲ್ಲಿ ಬಸುರಿನ ಸುದ್ದಿಯನ್ನು ಹನ್ನೆರಡು ವಾರ ತುಂಬುವವರೆಗೆ ಯಾರೂ ಬಾಯಿಬಿಡುವುದಿಲ್ಲ, ಯಾರೂ ಕೇಳುವುದಿಲ್ಲ. ಅದು ಮರ್ಯಾದೆಯಂತೆ. ಈ ಮರ್ಯಾದೆಗಿಷ್ಟು ಬೆಂಕಿ ಹಾಕಬೇಕು ಎನ್ನುತ್ತಾಳೆ ಡಿಂಪ್ನಾ.

ಹೋದ ಮಾರ್ಚಿನಲ್ಲಿ ಬ್ರೋನಾ ಎಂಬ ಹುಡುಗಿ ಅತ್ತು ಊದಿದ ಕಣ್ಣಲ್ಲಿ ಬಂದು, ಮೊಡವೆಗೆ ಹಚ್ಚುವ ಟ್ಯೂಬೊಂದನ್ನು ಕೌಂಟರಿನ ಮೇಲಿಟ್ಟಳು.

"ಫ್ರೆಂಡ್‌ಗೋಸ್ಕರ ಕೇಳ್ತಿದೀನಿ. ಬಸುರಿ ಇದನ್ನ ಹಚ್ಕೊಂಡ್ರೆ ಏನಾಗುತ್ತೆ?"

"ನಿನ್ನ ಫ್ರೆಂಡ್‌ಗೆ ಎಷ್ಟು ವಾರ ಕಣೇ?"

"ಒಂಬತ್ತು," ಎಂದವಳೇ ಬಿಕ್ಕಿದಳು. "ಹದಿನೈದು ದಿನ ಹಚ್ಕೊಂಡೆ. ಕೂಸಿನ ಕೈಕಾಲು ನೆಟ್ಟಗಿರಲ್ಲ, ಚೆಲುವಿನ ಹುಚ್ಚಿಗೆ ಮಗೂನ ಹಾಳು ಮಾಡ್ದೆ ಅಂದ್ರು ಅತ್ತೆ."

"ಟ್ಯೂಬು ಕೊಟ್ಟಿದ್ದು ಯಾರು?"

"ಅತ್ತೇನೇ. ನಾದಿನಿ ಹಚ್ಕೊಳ್ತಿದ್ದಿದ್ದು. ಅವಳ ಮದುವೆ ಫೋಟೋದಲ್ಲಿ ನನ್ನ ಮುಖ ಚೆನ್ನಾಗಿರ್ಲಿ ಅಂತ. ಆಗಿನ್ನೂ ಬಸುರಿ ಅಂತ ಅವರಿಗೆ ಹೇಳಿರ್ಲಿಲ್ಲ."

"ತನ್ನೆಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದೆಲೇಲಿ ನೊಣ ಹುಡುಕ್ತಾಳೆ ನಿಮ್ಮತ್ತೆ ಅಟ್ರಾಕ್ಟಾ!"

ಒಳಗಿಂದ ಫಾರ್ಮಸಿಸ್ಟ್ ಬಂದು ಟ್ಯೂಬು ನೋಡಿದರು. "ಬಸುರಲ್ಲಿ ಇದು ಬೇಡ, ಇವತ್ತೇ ನಿಲ್ಸಮ್ಮ. ಆದ್ರೆ ನಿಮ್ಮತ್ತೆ ಹೇಳಿದ್ದು ಇದೇ ಜಾತಿ ಔಷಧಿಯ ನುಂಗೋ ಮಾತ್ರೆ ಕಥೆ. ಹಚ್ಚೋದು ಮೈಯೊಳಗೆ ಹೋಗೋದು ತೀರಾ ಕಮ್ಮಿ. ಗೊತ್ತಿಲ್ದೆ ಹಚ್ಕೊಂಡೋರ ಮಕ್ಕಳು ಸಾಮಾನ್ಯವಾಗಿ ಚೆನ್ನಾಗೇ ಹುಟ್ಟಿದಾರೆ. ಡಾಕ್ಟರಿಗೆ ಹೇಳು. ಬಸುರಲ್ಲಿ ಹಚ್ಚಬಹುದಾದ ಮುಲಾಮು ಬೇರೆ ಇದೆ."

ಹುಡುಗಿ ಕಣ್ಣೊರೆಸಿಕೊಂಡು ಹೋದಳು. ಡಿಂಪ್ನಾಳ ಸಿಟ್ಟು ಮಾತ್ರ ಆರಲಿಲ್ಲ. ಅರ್ಧ ಸಿಟ್ಟು ತನ್ನ ಮೇಲೆಯೇ. ಹಿಂದಿನ ವಾರ ಇದೇ ಹುಡುಗಿಗೆ ಬಸುರಿಯರು ತಿನ್ನುವ ಫೋಲಿಕ್ ಮಾತ್ರೆಯನ್ನು ಕೈಯಾರೆ ಕಟ್ಟಿಕೊಟ್ಟವಳು ಅವಳು. ಗದ್ದದ ಮೇಲೆ ಸಿಪ್ಪೆ ಏಳುತ್ತಿದ್ದುದನ್ನೂ ನೋಡಿದ್ದಳು. ಏನು ಹಚ್ಚುತ್ತೀ ಎಂದು ಒಂದು ಮಾತು ಕೇಳದೆ ಮರ್ಯಾದೆಗೆ ತುಟಿ ಹೊಲಿದುಕೊಂಡಿದ್ದಳು.

ಅಂದಿನಿಂದ ಮುಲಾಮು ಕೊಳ್ಳಲು ಬಂದ ಹೆಂಗಸರನ್ನೆಲ್ಲ ಬಸುರಾ ಎಂದು ಕೇಳುತ್ತಾಳೆ. ಶಾಲೆಯ ಟೀಚರೊಬ್ಬಳು ಮುನಿದು ಬೇರೆ ಅಂಗಡಿಗೆ ಹೋದಳು. ಹೋಗಲಿ.

ಅಕ್ಟೋಬರಿನಲ್ಲಿ ಬ್ರೋನಾಗೆ ಗಟ್ಟಿಮುಟ್ಟಾದ ಹೆಣ್ಣುಕೂಸು ಹುಟ್ಟಿತು. ಮರುವಾರ ಅತ್ತೆ ಅಟ್ರಾಕ್ಟಾ ಕಾಲಿನ ಆಣಿಗೆ ಮುಲಾಮು ಬೇಕೆಂದು ಬಂದಳು. ಅಂಗಡಿ ತುಂಬ ಜನ.

"ಬಸುರೇನ್ರೀ?" ಎಂದಳು ಡಿಂಪ್ನಾ, ಎಲ್ಲರಿಗೂ ಕೇಳುವಂತೆ.

"ನನಗೆ ಅರವತ್ತೊಂದು ಕಣೇ! ನಾಚಿಕೆ ಆಗಲ್ವಾ?"

"ಟ್ಯೂಬು ಕೊಡೋವಾಗ ನೀವು ಸೊಸೇನ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಈಗ ಎಲ್ಲರನ್ನೂ ಕೇಳ್ತೀನಿ. ಬಸುರೋ, ಅಲ್ವೋ?"

ಅಟ್ರಾಕ್ಟಾ ಕೌಂಟರನ್ನೇ ನೋಡುತ್ತ, "ಅಲ್ಲ," ಎಂದಳು.